ವಿಶ್ರಾಂತಿಯ ನಾಡಿಗತಿ ಮತ್ತು ಮಣಿಕಟ್ಟಿನ ಯಂತ್ರ

ನಾಡಿಯ ಮಿಡಿತವನ್ನು ಹಗಲಿರುಳೂ ಎಣಿಸುತ್ತಿರುವ ಪುಟ್ಟ ಯಂತ್ರವೊಂದನ್ನು ಕೈಗಡಿಯಾರದಂತೆ ಮಣಿಕಟ್ಟಿಗೆ ಕಟ್ಟಿಕೊಳ್ಳುವುದು ಈಗ ನಮ್ಮ ಪಟ್ಟಣಗಳಲ್ಲಿ ಸಾಮಾನ್ಯವಾದ ಸಂಗತಿಯಾಗಿದೆ. ಅದು ದಿನಕ್ಕೊಂದು ಅಂಕಿಯನ್ನು ತೋರಿಸುತ್ತದೆ. ಅದಕ್ಕೆ ವಿಶ್ರಾಂತಿಯ ನಾಡಿಗತಿ ಎಂದು ಹೆಸರು. ದೇಹವೂ ಮನಸ್ಸೂ ಆಯಾಸವಿಲ್ಲದೆ ಇರುವಾಗ ಹೃದಯವು ನಿಮಿಷಕ್ಕೆ ಎಷ್ಟು ಸಲ ಮಿಡಿಯುತ್ತದೆಂಬುದೇ ಆ ಲೆಕ್ಕ. ನಿನ್ನೆ 62 ಇದ್ದುದು ಇಂದು 66 ಆದರೆ ಅದರ ಅರ್ಥವೇನು? ಈ ಪ್ರಶ್ನೆಯನ್ನು ಹಿಡಿದುಕೊಂಡು ನಮ್ಮಂಥ ಶರೀರಕ್ರಿಯಾಶಾಸ್ತ್ರದ ಅಧ್ಯಾಪಕರ ಬಳಿಗೆ ಬರುವವರು ಈಚೆಗೆ ಹೆಚ್ಚಾಗುತ್ತಿದ್ದಾರೆ.

ಅವರಲ್ಲಿ ಒಬ್ಬರು ನಮ್ಮ ಬೀದಿಯವರೇ ಆದ ನಿವೃತ್ತ ಉಪಾಧ್ಯಾಯರು. ವಯಸ್ಸು ಅರವತ್ತೆಂಟು. ಪರದೇಶದಲ್ಲಿರುವ ಮಗನು ಕಳುಹಿಸಿದ ಯಂತ್ರವನ್ನು ಕಟ್ಟಿಕೊಂಡು, ಅದು ತೋರಿಸಿದ ಅಂಕಿಯನ್ನು ಗೆರೆ ಹಾಕಿದ ನೋಟುಬುಕ್ಕಿನಲ್ಲಿ ದಿನವೂ ತಪ್ಪದೆ ಬರೆದಿಡುತ್ತಿದ್ದರು. ಐದು ತಿಂಗಳ ಕಾಲ 58ರಿಂದ 60ರೊಳಗೆ ಇದ್ದ ಅಂಕಿ ಹತ್ತೇ ದಿನಗಳಲ್ಲಿ 70ಕ್ಕೆ ಏರಿ ಅಲ್ಲಿಯೇ ನಿಂತುಬಿಟ್ಟಿತು. ಹೃದಯವು ಸೋಲುತ್ತಿದೆಯೆಂದು ತಮ್ಮಷ್ಟಕ್ಕೆ ನಿಶ್ಚಯಿಸಿಕೊಂಡು ಅವರು ಬೆಳಗಿನ ತಿರುಗಾಟವನ್ನು ನಿಲ್ಲಿಸಿದರು. ಮನೆಯವರಿಗೂ ಹೇಳಲಿಲ್ಲ. ಮೂರು ವಾರಗಳಾದ ಮೇಲೆ ಆ ನೋಟುಬುಕ್ಕನ್ನು ನನ್ನ ಮೇಜಿನ ಮೇಲಿಟ್ಟು, "ಇನ್ನೆಷ್ಟು ದಿನ, ಸ್ವಾಮಿ?" ಎಂದು ಕೇಳಿದರು. ನಾನು ಚಿಕಿತ್ಸೆ ಮಾಡುವ ವೈದ್ಯನಲ್ಲ. ಆದರೂ ಅವರಿಗೆ ಹೇಳಿದುದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ. ಅವರ ನೋಟುಬುಕ್ಕಿನ ಕಡೆಗೆ ಆಮೇಲೆ ಬರೋಣ.

ನಾಡಿಯನ್ನು ನೋಡುವುದು ನಮಗೆ ಹೊಸದಲ್ಲ. ಶಾರ್ಙ್ಗಧರ ಸಂಹಿತೆಯು ನಾಡಿಯ ನಡಿಗೆಯನ್ನು ಜಿಗಣೆ, ಹಾವು, ಕಾಗೆ, ಕಪ್ಪೆ, ಹಂಸಗಳ ನಡಿಗೆಗೆ ಹೋಲಿಸಿದೆ. ನಮ್ಮ ವೈದ್ಯರು ವಿಚಾರಿಸಿದುದು ನಾಡಿಯ ರೀತಿಯನ್ನು. ಅದರ ಸಂಖ್ಯೆಗೆ ಅವರಲ್ಲಿ ಅಷ್ಟು ಪ್ರಾಧಾನ್ಯವಿರಲಿಲ್ಲ. ಸಂಖ್ಯೆಯ ಹುಚ್ಚು ಹಿಡಿದುದು ಯೂರೋಪಿನಲ್ಲಿ. ಇಟಲಿಯ ಸಾಂಟೋರಿಯೋ ಹದಿನೇಳನೆಯ ಶತಮಾನದ ಮೊದಲ ವರ್ಷಗಳಲ್ಲಿ ಲೋಲಕದ ದಾರವನ್ನು ಉದ್ದ ಗಿಡ್ಡ ಮಾಡಿ, ಅದರ ತೂಗಾಟವನ್ನು ನಾಡಿಗೆ ಹೊಂದಿಸಿ ವೇಗವನ್ನು ಅಳೆದನು. 1707ರಲ್ಲಿ ಇಂಗ್ಲೆಂಡಿನ ಜಾನ್ ಫ್ಲಾಯರ್ ನಾಡಿಯನ್ನು ಎಣಿಸುವುದಕ್ಕಾಗಿಯೇ ಒಂದು ನಿಮಿಷ ನಡೆಯುವ ಗಡಿಯಾರವನ್ನು ಬಳಕೆಗೆ ತಂದನು. ಇಂದಿನ ಮಣಿಕಟ್ಟಿನ ಯಂತ್ರವು ಫ್ಲಾಯರನ ವಂಶಕ್ಕೆ ಸೇರಿದುದು. ಅದು ನಿದ್ದೆಯಿಲ್ಲದೆ ಎಣಿಸಬಲ್ಲುದು. ಎಣಿಸಿದುದರ ಕಾರಣವನ್ನು ಮಾತ್ರ ಹೇಳಲಾರದು.

ಕಾರಣವನ್ನು ಅರಿಯಬೇಕಾದರೆ ಹೃದಯದ ಒಳಗೆ ಇಣಿಕಿ ನೋಡಬೇಕು. ಬಲ ಹೃತ್ಕರ್ಣದ ಗೋಡೆಯಲ್ಲಿ ಸೈನಸ್ ಗಂಟು ಎಂಬ ಜೀವಕೋಶಗಳ ಸಣ್ಣ ಗುಂಪೊಂದಿದೆ. ಯಾರ ಅಪ್ಪಣೆಗೂ ಕಾಯದೆ ಅದು ತಾನಾಗಿಯೇ ವಿದ್ಯುತ್ ಸ್ಪಂದನಗಳನ್ನು ಹುಟ್ಟಿಸುತ್ತಿರುತ್ತದೆ. ಒಂದೊಂದು ಸ್ಪಂದನಕ್ಕೂ ಹೃದಯವು ಒಮ್ಮೆ ಸಂಕೋಚಗೊಳ್ಳುತ್ತದೆ. ಈ ಗಂಟನ್ನು ಅದರ ಪಾಡಿಗೆ ಬಿಟ್ಟರೆ ತರುಣರಲ್ಲಿ ನಾಡಿಯು ನಿಮಿಷಕ್ಕೆ ನೂರಕ್ಕೂ ಮೀರಿ ಮಿಡಿಯುತ್ತದೆಂಬುದನ್ನು ಕೇಳಿದರೆ ಅನೇಕರಿಗೆ ಆಶ್ಚರ್ಯವಾಗಬಹುದು. ನರಗಳ ಪ್ರಭಾವವನ್ನು ಔಷಧಗಳಿಂದ ತಡೆದು ಈ ಸಹಜ ವೇಗವನ್ನು ಅಳೆದ ಜೋಸ್ ಮತ್ತು ಕಾಲಿಸನ್ ಎಂಬವರು 1970ರಲ್ಲಿ ಒಂದು ಸೂತ್ರವನ್ನು ಪ್ರಕಟಿಸಿದರು. ವಯಸ್ಸನ್ನು 0.57ರಿಂದ ಗುಣಿಸಿ 118.1ರಿಂದ ಕಳೆದರೆ ಸಹಜ ವೇಗವು ದೊರೆಯುತ್ತದೆ. ಇಪ್ಪತ್ತು ವರ್ಷದವನಿಗೆ ಅದು ಸುಮಾರು 107. ನಮ್ಮ ಉಪಾಧ್ಯಾಯರ ವಯಸ್ಸಿನಲ್ಲಿ ಸುಮಾರು 79.

ಹಾಗಿದ್ದರೆ ಸುಮ್ಮನೆ ಕುಳಿತ ತರುಣನ ನಾಡಿ 107ಕ್ಕೆ ಬದಲಾಗಿ 65 ಇರುವುದೇಕೆ? ಮೆದುಳಿನ ಬುಡದಿಂದ ಇಳಿದು ಬರುವ ವೇಗಸ್ ಎಂಬ ನರವು ಗಂಟನ್ನು ಸದಾ ತಡೆದು ಹಿಡಿದಿರುವುದೇ ಇದಕ್ಕೆ ಕಾರಣ. ಈ ನರವನ್ನು ಕೆರಳಿಸಿದರೆ ಹೃದಯವು ನಿಧಾನವಾಗುತ್ತದೆಂಬುದನ್ನು ವೇಬರ್ ಸಹೋದರರು 1845ರಲ್ಲಿಯೇ ತೋರಿಸಿದ್ದರು. ನರವು ಹೃದಯಕ್ಕೆ ಈ ಆಜ್ಞೆಯನ್ನು ಮುಟ್ಟಿಸುವ ಬಗೆ ಹೇಗೆಂಬುದು 1921ರಲ್ಲಿ ಓಟೋ ಲೋವಿ ನಡೆಸಿದ ಪ್ರಯೋಗದಿಂದ ತಿಳಿದುಬಂದಿತು. ಆತನು ಒಂದು ಕಪ್ಪೆಯ ಹೃದಯದ ವೇಗಸ್ ನರವನ್ನು ಕೆರಳಿಸಿ ಅದನ್ನು ನಿಧಾನಗೊಳಿಸಿದನು. ಅದನ್ನು ತೊಯ್ಯಿಸಿದ್ದ ದ್ರವವನ್ನು ತೆಗೆದು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಿದನು. ಯಾವ ನರದ ಸಂಪರ್ಕವೂ ಇಲ್ಲದ ಆ ಎರಡನೆಯ ಹೃದಯವೂ ನಿಧಾನವಾಯಿತು. ಆಜ್ಞೆಯು ಒಂದು ರಾಸಾಯನಿಕ ವಸ್ತುವಿನ ರೂಪದಲ್ಲಿ ಹೋಗುತ್ತದೆಂಬುದು ಹೀಗೆ ಸಿದ್ಧವಾಯಿತು. ಆ ವಸ್ತುವೇ ಅಸಿಟೈಲ್‌ಕೋಲೀನ್. ಇದಕ್ಕಾಗಿ ಲೋವಿಗೆ 1936ರಲ್ಲಿ ಹೆನ್ರಿ ಡೇಲ್‌ನೊಡನೆ ನೊಬೆಲ್ ಪಾರಿತೋಷಕ ದೊರೆಯಿತು. ವೇಗಸ್ ಹೀಗೆ ಕಡಿವಾಣವಾದರೆ, ಅನುವೇದನಾ ನರಗಳು ಚಾಟಿಯಂತೆ ಕೆಲಸ ಮಾಡುತ್ತವೆ. ಅವು ಭಯ, ಕೋಪ, ಪರಿಶ್ರಮಗಳಲ್ಲಿ ಗಂಟನ್ನು ಓಡಿಸುತ್ತವೆ.

ಆದುದರಿಂದ ಬೆಳಗ್ಗೆ ಯಂತ್ರವು ತೋರಿಸುವ ಅಂಕಿಯನ್ನು ಹೃದಯದ ಬಲದ ಅಳತೆಯೆಂದು ತಿಳಿಯುವುದು ಸರಿಯಲ್ಲ. ಕಡಿವಾಣವು ಆ ಹೊತ್ತಿನಲ್ಲಿ ಎಷ್ಟು ಬಿಗಿಯಾಗಿತ್ತು, ದೇಹವು ಎಷ್ಟು ರಕ್ತವನ್ನು ಬೇಡುತ್ತಿತ್ತು ಎಂಬೆರಡರ ಫಲವೇ ಆ ಅಂಕಿ. ವಿಶ್ರಾಂತಿಯಲ್ಲಿರುವ ದೇಹಕ್ಕೆ ನಿಮಿಷಕ್ಕೆ ಹೆಚ್ಚು ಕಡಿಮೆ ಐದು ಲೀಟರ್ ರಕ್ತ ಬೇಕು. ಒಂದು ಮಿಡಿತಕ್ಕೆ 70 ಮಿಲಿಲೀಟರ್ ಹೊರಗೆ ಹೋಗುವುದಾದರೆ 70 ಸಲ ಮಿಡಿಯಬೇಕಾಗುತ್ತದೆ. ಸಾಧನೆಯಿಂದ ಹೃತ್ಕುಕ್ಷಿಯು ಹಿಗ್ಗಿ 100 ಮಿಲಿಲೀಟರನ್ನು ತಳ್ಳುವಂತಾದರೆ 50 ಸಲ ಸಾಕು. ದೂರದ ಓಟಗಾರರ ನಾಡಿ ನಲವತ್ತರ ಸುಮಾರಿಗೆ ಇಳಿಯುವುದು ಹೀಗೆ. ಇದಕ್ಕೆ ಬಿಗಿಯಾದ ವೇಗಸ್ಸೇ ಕಾರಣವೆಂದು ಬಹುಕಾಲ ಬೋಧಿಸುತ್ತ ಬಂದೆವು. 2014ರಲ್ಲಿ ಮ್ಯಾಂಚೆಸ್ಟರಿನ ವಿಜ್ಞಾನಿಗಳು ವ್ಯಾಯಾಮ ಮಾಡಿಸಿದ ಇಲಿಗಳಲ್ಲಿ ನರಗಳ ಪ್ರಭಾವವನ್ನು ತಡೆದ ಮೇಲೂ ನಾಡಿಯು ನಿಧಾನವಾಗಿಯೇ ಇದ್ದುದನ್ನು ಕಂಡರು. ಗಂಟಿನ ಜೀವಕೋಶಗಳಲ್ಲಿ ಸ್ಪಂದನಕ್ಕೆ ಆಧಾರವಾದ ಒಂದು ಬಗೆಯ ಅಯಾನು ದ್ವಾರಗಳೇ ಕಡಿಮೆಯಾಗಿದ್ದವು. ಎಂದರೆ ವ್ಯಾಯಾಮವು ಗಂಟಿನ ರಚನೆಯನ್ನೇ ಮಾರ್ಪಡಿಸಬಲ್ಲುದು. ಮನುಷ್ಯನಲ್ಲಿ ಈ ಎರಡು ಕಾರಣಗಳ ಪಾಲು ಎಷ್ಟೆಷ್ಟೆಂಬ ಚರ್ಚೆ ಇನ್ನೂ ಮುಗಿದಿಲ್ಲ. ನನ್ನ ಹಳೆಯ ಪಾಠದ ಟಿಪ್ಪಣಿಗಳನ್ನು ನಾನಂತೂ ತಿದ್ದಿಕೊಳ್ಳಬೇಕಾಯಿತು.

ದಿನದಿನದ ಏರಿಳಿತಕ್ಕೆ ಕಾರಣಗಳು ಇಷ್ಟು ಗಹನವಲ್ಲ. ನಿದ್ದೆಗೆಟ್ಟರೆ ಅಂಕಿ ಏರುತ್ತದೆ. ಸೆಕೆಯ ರಾತ್ರಿಯಲ್ಲಿ ಚರ್ಮಕ್ಕೆ ಹೆಚ್ಚು ರಕ್ತವನ್ನು ಕಳುಹಿಸಬೇಕಾಗುವುದರಿಂದಲೂ, ಬೆವರಿನಿಂದ ರಕ್ತದ್ರವವು ಕುಗ್ಗುವುದರಿಂದಲೂ ಏರುತ್ತದೆ. ತಡವಾದ ಭಾರಿ ಊಟ, ಅದಕ್ಕಿಂತ ಹೆಚ್ಚಾಗಿ ಮದ್ಯ, ರಾತ್ರಿಯ ನಾಡಿ ಇಳಿಯದಂತೆ ಮಾಡುತ್ತವೆ. ಸ್ತ್ರೀಯರಲ್ಲಿ ಮಾಸಿಕ ಚಕ್ರದ ಉತ್ತರಾರ್ಧದಲ್ಲಿ ಎರಡು ಮೂರು ಮಿಡಿತಗಳು ಹೆಚ್ಚಾಗುವುದು ಸ್ವಾಭಾವಿಕ. ಗರ್ಭಧಾರಣೆಯಲ್ಲಿ ಇನ್ನೂ ಹೆಚ್ಚು. ಜ್ವರದಲ್ಲಿ ದೇಹದ ಉಷ್ಣತೆ ಒಂದು ಸೆಂಟಿಗ್ರೇಡ್ ಡಿಗ್ರಿ ಏರಿದರೆ ನಾಡಿ ಎಂಟು ಹತ್ತರಷ್ಟು ಏರುವುದು ವಾಡಿಕೆ. ಟೈಫಾಯಿಡ್ ಎಂಬ ವಿಷಮಶೀತಜ್ವರದಲ್ಲಿ ಮಾತ್ರ ಮೈ ಸುಡುತ್ತಿದ್ದರೂ ನಾಡಿಯು ಅಷ್ಟು ಏರದಿರುವುದುಂಟು. ಹಿಂದಿನ ವೈದ್ಯರು ಇದನ್ನೇ ಒಂದು ಕುರುಹಾಗಿ ಹಿಡಿಯುತ್ತಿದ್ದರು.

ಇವೆಲ್ಲ ಬಂದು ಹೋಗುವ ಕಾರಣಗಳು. ವಾರಗಟ್ಟಲೆ ನಿಧಾನವಾಗಿ ಏರಿ ಇಳಿಯದೆ ನಿಲ್ಲುವ ಅಂಕಿಯ ವಿಷಯ ಬೇರೆ. ಥೈರಾಯಿಡ್ ಗ್ರಂಥಿಯ ಅತಿಚಟುವಟಿಕೆ ಅದಕ್ಕೊಂದು ಕಾರಣ. ನಮ್ಮ ದೇಶದಲ್ಲಿ ಅದಕ್ಕಿಂತ ಮೊದಲು ನೆನೆಯಬೇಕಾದುದು ರಕ್ತಹೀನತೆಯನ್ನು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದೊಳಗಿನ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿ ರಕ್ತಹೀನತೆಗೆ ಒಳಗಾದವರು. ಹಿಮೋಗ್ಲೋಬಿನ್ ಕಡಿಮೆಯಾದಾಗ ಅಷ್ಟೇ ಆಮ್ಲಜನಕವನ್ನು ಒದಗಿಸಲು ಹೃದಯವು ಹೆಚ್ಚು ರಕ್ತವನ್ನು ತಳ್ಳಬೇಕು. ಇಂಥವರ ನಾಡಿ 85 ಇದ್ದರೂ, ವಯಸ್ಕರಿಗೆ ಒಪ್ಪಿತವಾದ 60ರಿಂದ 100ರ ಮೇರೆಯೊಳಗೇ ಇರುವುದರಿಂದ, ಯಂತ್ರವು ಯಾವ ಎಚ್ಚರಿಕೆಯನ್ನೂ ಕೊಡದೆ ಸುಮ್ಮನಿರಬಹುದು. ಭಯಪಡಬೇಕಿಲ್ಲದವರು ಭಯಪಡುವುದು, ಗಮನಿಸಬೇಕಾದವರು ಗಮನಿಸದಿರುವುದು, ಎರಡೂ ಇಲ್ಲಿಂದಲೇ ಹುಟ್ಟುತ್ತವೆ.

ಈ ಮೇರೆಯ ವಿಷಯದಲ್ಲಿ 2020ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನವು ಬಹಳ ಉಪಯುಕ್ತವಾದುದು. 92,457 ಜನರ ಮಣಿಕಟ್ಟಿನ ಯಂತ್ರಗಳ ಲೆಕ್ಕವನ್ನು ಅದರಲ್ಲಿ ಪರಿಶೀಲಿಸಿದ್ದಾರೆ. ವಿಶ್ರಾಂತಿಯ ನಾಡಿಗತಿಯ ಸರಾಸರಿ ಒಬ್ಬರಿಂದ ಒಬ್ಬರಿಗೆ 40ರಿಂದ 109ರವರೆಗೆ ಭಿನ್ನವಾಗಿತ್ತು. ಆದರೆ ಒಬ್ಬನೇ ಮನುಷ್ಯನ ಅಂಕಿ ಕಾಲಕ್ರಮದಲ್ಲಿ ಬಹುಮಟ್ಟಿಗೆ ಸ್ಥಿರವಾಗಿತ್ತು. ವಾರದೊಳಗಿನ ಏರಿಳಿತ ಸಾಮಾನ್ಯವಾಗಿ ಮೂರು ಮಿಡಿತಗಳಷ್ಟೇ. ಆದರೂ ಐವರಲ್ಲಿ ಒಬ್ಬರಿಗೆ ಒಂದಾದರೂ ವಾರದಲ್ಲಿ ಹತ್ತು ಅಥವಾ ಹೆಚ್ಚು ಮಿಡಿತಗಳ ವ್ಯತ್ಯಾಸವಾಗಿತ್ತು. ಜನವರಿಯಲ್ಲಿ ಕೊಂಚ ಹೆಚ್ಚು, ಜುಲೈಯಲ್ಲಿ ಕೊಂಚ ಕಡಿಮೆ ಎಂಬ ಋತುಭೇದವನ್ನೂ ಅವರು ಕಂಡರು. ನಮ್ಮ ಹವೆಯಲ್ಲಿಯೂ ಅದು ಹಾಗೆಯೇ ಇರಬೇಕೆಂಬ ನಿಯಮವೇನೂ ಇಲ್ಲ. ನೆರೆಯವನ ಅಂಕಿಯೊಡನೆ ತನ್ನ ಅಂಕಿಯನ್ನು ಹೋಲಿಸುವುದು ವ್ಯರ್ಥ, ತನ್ನದೇ ಹಿಂದಿನ ತಿಂಗಳುಗಳೊಡನೆ ಹೋಲಿಸುವುದು ಸಾರ್ಥಕ ಎಂಬುದು ಇದರಿಂದ ತಿಳಿಯುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಮೈಕೇಲ್ ಸ್ನೈಡರ್ ತನಗೆ ಲೈಮ್ ರೋಗ ತಗಲಿದ ಮೊದಲ ಸೂಚನೆಯನ್ನು ಪಡೆದುದು ಇಂಥ ಹೋಲಿಕೆಯಿಂದಲೇ. ಅದು 2017ರಲ್ಲಿ ಪ್ರಕಟವಾಯಿತು.

ಇನ್ನು ಯಂತ್ರದ ಮಾತು. ಅದರ ತಳದಲ್ಲಿ ಸಾಮಾನ್ಯವಾಗಿ ಹಸಿರು ದೀಪವಿರುತ್ತದೆ. ಹಸಿರು ಬೆಳಕನ್ನು ರಕ್ತವು ಚೆನ್ನಾಗಿ ಹೀರುವುದರಿಂದ, ಒಂದೊಂದು ಮಿಡಿತಕ್ಕೂ ಚರ್ಮದ ಕೆಳಗೆ ರಕ್ತ ತುಂಬಿದಾಗ ಹಿಂದಿರುಗುವ ಬೆಳಕು ಕುಂದುತ್ತದೆ. ಈ ಕುಂದುವಿಕೆಗಳೇ ಎಣಿಕೆಗೆ ಆಧಾರ. ಬೆಳಕಿನಿಂದ ನಾಡಿಯನ್ನು ಗುರುತಿಸುವ ವಿಧಾನವನ್ನು ಹರ್ಟ್ಸ್‌ಮನ್ 1930ರ ದಶಕದಲ್ಲಿಯೇ ಬೆಳೆಸಿದ್ದನು. ಪಟ್ಟಿ ಸಡಿಲವಾದರೆ, ಕೈ ಅಲುಗಿದರೆ, ಚರ್ಮ ತಣ್ಣಗಿದ್ದರೆ ಲೆಕ್ಕ ತಪ್ಪುತ್ತದೆ. ಕಪ್ಪು ಚರ್ಮದಲ್ಲಿ ತಪ್ಪು ಹೆಚ್ಚೆಂಬ ಶಂಕೆ ನಮ್ಮವರಲ್ಲಿ ಬಹಳವಾಗಿದೆ. 2020ರಲ್ಲಿ ಇದನ್ನು ಪರೀಕ್ಷಿಸಿದ ಒಂದು ಅಧ್ಯಯನದಲ್ಲಿ ಬಣ್ಣದಿಂದ ಗಣನೀಯ ವ್ಯತ್ಯಾಸ ಕಾಣಲಿಲ್ಲ; ಚಲನೆಯಲ್ಲಿದ್ದಾಗ ಮಾತ್ರ ವಿಶ್ರಾಂತಿಯಲ್ಲಿದ್ದಾಗಿಗಿಂತ ತಪ್ಪು ನೂರಕ್ಕೆ 30ರಷ್ಟು ಹೆಚ್ಚಾಗಿತ್ತು. ಹೃದಯದ ಲಯವೇ ತಪ್ಪಿದ್ದರೆ ಕೆಲವು ಮಿಡಿತಗಳು ಮಣಿಕಟ್ಟನ್ನು ತಲುಪುವುದೇ ಇಲ್ಲ.

ಇವುಗಳಿಗಿಂತಲೂ ಹೆಚ್ಚು ಗೊಂದಲವನ್ನುಂಟುಮಾಡುವುದು 'ವಿಶ್ರಾಂತಿ' ಎಂಬ ಪದ. ಒಂದು ಯಂತ್ರವು ಗಾಢನಿದ್ದೆಯ ಕನಿಷ್ಠ ವೇಗವನ್ನು ಆ ಹೆಸರಿನಿಂದ ಕರೆಯುತ್ತದೆ. ಇನ್ನೊಂದು ಎಚ್ಚರವಾಗಿದ್ದು ಅಲುಗದೆ ಕುಳಿತ ಹೊತ್ತಿನ ವೇಗವನ್ನು. ಮತ್ತೊಂದು ಎರಡನ್ನೂ ಬೆರಸುತ್ತದೆ. ಒಂದೇ ದೇಹ, ಒಂದೇ ದಿನ, ಅಂಕಿಗಳು ಬೇರೆ. ಯಂತ್ರವನ್ನು ಬದಲಾಯಿಸಿದವರು, ರಾತ್ರಿ ಅದನ್ನು ಬಿಚ್ಚಿಡಲು ಆರಂಭಿಸಿದವರು, ಹೃದಯವೇ ಬದಲಾಯಿತೆಂದು ತಿಳಿದು ಗಾಬರಿಪಡುವುದುಂಟು. ಸಂದೇಹ ಬಂದಾಗ ಬೆಳಗ್ಗೆ ಎದ್ದೊಡನೆ ಹಾಸಿಗೆಯಲ್ಲಿಯೇ ಮಲಗಿ, ಎರಡು ಬೆರಳುಗಳನ್ನು ಮಣಿಕಟ್ಟಿನ ಮೇಲಿಟ್ಟು, ಪೂರ್ತಿ ಒಂದು ನಿಮಿಷ ಎಣಿಸಿ ನೋಡುವುದು ಇಂದಿಗೂ ಒಳ್ಳೆಯ ಪದ್ಧತಿ. ಏರಿದ ನಾಡಿಯೊಡನೆ ಎದೆನೋವು, ಏದುಸಿರು, ತಲೆಸುತ್ತು ಇದ್ದರೆ ಎಣಿಸುತ್ತ ಕೂಡುವುದು ಬೇಡ. ಕೂಡಲೇ ವೈದ್ಯರಲ್ಲಿಗೆ ಹೋಗತಕ್ಕದ್ದು.

ಉಪಾಧ್ಯಾಯರ ನೋಟುಬುಕ್ಕಿಗೆ ಬರೋಣ. ಅವರಿಗೆ ಇಂಥ ಯಾವ ತೊಂದರೆಯೂ ಇರಲಿಲ್ಲ. ಅಂಕಿ ಏರತೊಡಗಿದ ದಿನಾಂಕವನ್ನು ಮುಂದಿಟ್ಟುಕೊಂಡು, ಆಗ ಏನೇನು ಬದಲಾಯಿತೆಂದು ಒಂದೊಂದಾಗಿ ಕೇಳಿದೆ. ಊಟ, ನಿದ್ದೆ, ಯಂತ್ರ, ಯಾವುದೂ ಬದಲಾಗಿರಲಿಲ್ಲ. ಕಡೆಗೆ ಔಷಧದ ಚೀಟಿಗಳನ್ನು ತರಿಸಿದೆ. ಅವರು ಹಲವು ವರ್ಷಗಳಿಂದ ರಕ್ತದೊತ್ತಡಕ್ಕಾಗಿ ಅಟೆನಲಾಲ್ ಎಂಬ ಗುಳಿಗೆಯನ್ನು ನುಂಗುತ್ತಿದ್ದರು. ಅದು ಅನುವೇದನಾ ನರಗಳ ಚಾಟಿಯನ್ನು ತಡೆದು ನಾಡಿಯನ್ನು ನಿಧಾನಗೊಳಿಸುವ ಔಷಧ. ಚಳಿಗಾಲದಲ್ಲಿ ಉಬ್ಬಸ ಕಾಣಿಸಿಕೊಂಡುದರಿಂದ ಅವರ ವೈದ್ಯರು ಅದನ್ನು ಕ್ರಮವಾಗಿ ಕಡಿಮೆ ಮಾಡಿಸಿ, ನಾಡಿಯನ್ನು ತಗ್ಗಿಸದ ಬೇರೊಂದು ಗುಳಿಗೆಯನ್ನು ಬರೆದುಕೊಟ್ಟಿದ್ದರು. ಅದೇ ಡಬ್ಬಿ, ಅದೇ ಹೊತ್ತು. ಬದಲಾವಣೆ ಅವರ ನೆನಪಿನಿಂದಲೇ ಜಾರಿಹೋಗಿತ್ತು. ಐದು ತಿಂಗಳು ಅವರು ಮೆಚ್ಚಿಕೊಂಡಿದ್ದ 58 ಔಷಧದ ಅಂಕಿ. ಹೆದರಿಸಿದ 70 ಅವರ ಸ್ವಂತದ್ದು, ಅವರ ವಯಸ್ಸಿನ ಸಹಜ ವೇಗವಾದ 79ಕ್ಕಿಂತ ಕೆಳಗಿನದೇ. ವೈದ್ಯರು ಪರೀಕ್ಷಿಸಿ ಇದನ್ನೇ ಹೇಳಿ, ತಿರುಗಾಟವನ್ನು ಏಕೆ ಬಿಟ್ಟಿರಿ ಎಂದು ಗದರಿಸಿದರಂತೆ.

ಈಗ ಆ ನೋಟುಬುಕ್ಕಿನಲ್ಲಿ ಅಂಕಿಯ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದಿದ್ದಾರೆ. ಮೊನ್ನೆ ನೋಡಿದಾಗ ಹೀಗಿತ್ತು: "71. ರಾತ್ರಿ ಕರೆಂಟು ಹೋಗಿತ್ತು, ವಿಪರೀತ ಸೆಕೆ. ಎರಡು ಮೈಲಿ ನಡೆದೆ."