ಹಳ್ಳಿ ಮೇಷ್ಟರ ಕೈಗೆ ಎರವಲು ಪುಸ್ತಕ ಬಂದ ದಾರಿ

ಊರಿಗಾಂ, ಮಾರಿಕುಪ್ಪಂ ಭಾಗದ ಚಿನ್ನದ ಗಣಿಗಳಿಗೆ 1894ರಲ್ಲಿ ಬಂಗಾರಪೇಟೆಯಿಂದ ರೈಲು ಬಂತು; 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಆದರೆ ಹಳ್ಳಿಯ ಶಾಲಾ ಶಿಕ್ಷಕರಿಗೆ ಪಠ್ಯದ ಹೊರಗಿನ ಪುಸ್ತಕ ಎರವಲು ಸಿಗುವ ವ್ಯವಸ್ಥೆ ರೂಪುಗೊಳ್ಳಲು ದಶಕಗಳೇ ಬೇಕಾದವು.

ಭಾರತದಲ್ಲಿ ಇದಕ್ಕೆ ಮೊದಲ ಮಾದರಿ ಬರೋಡಾ ಸಂಸ್ಥಾನ. ಸಯಾಜಿರಾವ್ ಗಾಯಕವಾಡರು 1910ರಲ್ಲಿ ಅಮೆರಿಕದಿಂದ ಕರೆಸಿದ ಬೋರ್ಡನ್ ಅವರು ಸಂಚಾರಿ ಗ್ರಂಥಾಲಯ ಆರಂಭಿಸಿದರು. ಪುಸ್ತಕ ತುಂಬಿದ ಮರದ ಪೆಟ್ಟಿಗೆಗಳು ಊರೂರಿಗೆ ಹೋಗಿ ಮರಳುತ್ತಿದ್ದವು. ಓದುಗನು ಪಟ್ಟಣಕ್ಕೆ ಬರಬೇಕಾಗಿರಲಿಲ್ಲ, ಪುಸ್ತಕವೇ ಅವನಿದ್ದಲ್ಲಿಗೆ ಹೋಗುತ್ತಿತ್ತು.

ಮೈಸೂರು ಸಂಸ್ಥಾನದಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ (1912–18) ಬೆಂಗಳೂರು, ಮೈಸೂರು ನಗರಗಳಲ್ಲಿ ಸಾರ್ವಜನಿಕ ಗ್ರಂಥಾಲಯಗಳು ತೆರೆದವು. ಮುಂದೆ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯು ಸ್ಥಳೀಯ ತೆರಿಗೆಯ ಮೇಲೆ ಗ್ರಂಥಾಲಯ ಕರ ವಿಧಿಸಿ, ಇವುಗಳಿಗೆ ಶಾಶ್ವತ ಆದಾಯ ಒದಗಿಸಿತು.

ಶಾಲೆಯೊಳಗಿನ ಕಥೆ ಬೇರೆ. 1987ರ 'ಆಪರೇಷನ್ ಬ್ಲಾಕ್‌ಬೋರ್ಡ್' ಯೋಜನೆಯಡಿ ಪ್ರಾಥಮಿಕ ಶಾಲೆಗಳಿಗೆ ಪುಸ್ತಕಗಳೂ ಬಂದವು. ಆದರೆ ಪುಸ್ತಕ ಕಳೆದರೆ ದಾಸ್ತಾನು ಪುಸ್ತಕಕ್ಕೆ ಸಹಿ ಮಾಡಿದ ಮುಖ್ಯ ಶಿಕ್ಷಕರೇ ಹೊಣೆ. ಈ ಭಯದಿಂದ ಎಷ್ಟೋ ಕಡೆ ಅವು ಬೀರುವಿನಲ್ಲೇ ಉಳಿದವು.

1994ರ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದ (ಡಿಪಿಇಪಿ) ಮೊದಲ ಹಂತಕ್ಕೆ ರಾಜ್ಯದಿಂದ ಆಯ್ಕೆಯಾದ ನಾಲ್ಕು ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಬೆಳಗಾವಿ, ಮಂಡ್ಯ, ರಾಯಚೂರು ಉಳಿದವು. ಆಗ ಬಂದ ಕ್ಲಸ್ಟರ್ ಸಂಪನ್ಮೂಲ ಕೇಂದ್ರಗಳಿಂದ ಸುತ್ತಲಿನ ಹತ್ತಾರು ಶಾಲೆಗಳ ಶಿಕ್ಷಕರು ಒಂದೆಡೆ ಸೇರಿ ಚರ್ಚಿಸಲು, ಪುಸ್ತಕ ಹಂಚಿಕೊಳ್ಳಲು ಜಾಗ ಸಿಕ್ಕಿತು. ಯಾದಗಿರಿಯಂಥ ಜಿಲ್ಲೆಗಳಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ಶಿಕ್ಷಕರ ಕಲಿಕಾ ಕೇಂದ್ರಗಳು ಇದೇ ಕೆಲಸ ಮಾಡುತ್ತಿವೆ. ಶಾಲೆ ಬಿಟ್ಟ ಮೇಲೂ ಅವು ತೆರೆದಿರುವುದು ಶಿಕ್ಷಕರಿಗೆ ದೊಡ್ಡ ಅನುಕೂಲ.

2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. ಈಗ ಅವು 'ಅರಿವು ಕೇಂದ್ರ'ಗಳು. ಇವೂ ಶಿಕ್ಷಕರಿಗೆ ಹತ್ತಿರದ ಆಸರೆಯಾಗಬಲ್ಲವು.

ಈ ಇತಿಹಾಸದ ಪಾಠ ಸರಳ: ಪುಸ್ತಕ ಕೊಂಡರಷ್ಟೇ ಸಾಲದು, ಅದು ಕೈ ಬದಲಾಯಿಸಬೇಕು. ಮಕ್ಕಳ ಹುಟ್ಟುಹಬ್ಬಕ್ಕೋ ಹಿರಿಯರ ನೆನಪಿಗೋ ಶಾಲೆಗೆ ಪುಸ್ತಕ ಕೊಡುವ ಕುಟುಂಬಗಳು ಮೊದಲು ಶಿಕ್ಷಕರಿಗೆ ಯಾವುದು ಬೇಕೆಂದು ಕೇಳಲಿ. "ಓದಿ ಹರಿದರೆ ಚಿಂತೆಯಿಲ್ಲ, ಬೀಗ ಹಾಕಿಡಬೇಡಿ" ಎಂದು ಒಂದು ಮಾತು ಹೇಳಿಯೇ ಕೊಡಲಿ. ಹಾಗೆ ಕೊಟ್ಟ ಪುಸ್ತಕ ಮೇಷ್ಟರ ಮೂಲಕ ತರಗತಿಯ ಎಲ್ಲ ಮಕ್ಕಳಿಗೂ ತಲುಪುತ್ತದೆ.