ಬನ್ನಿಯೂ ಬಳ್ಳಾರಿ ಜಾಲಿಯೂ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳೂ ಇಂದು ದಾವಣಗೆರೆ ಜಿಲ್ಲೆಗೆ ಸೇರಿದುವಾದರೂ ನೆಲದ ಗುಣದಲ್ಲಿ ಒಂದೇ ಅಲ್ಲ. ಚನ್ನಗಿರಿಗೆ ಸೂಳೆಕೆರೆಯೂ ಭದ್ರೆಯ ನಾಲೆಯೂ ಉಂಟು. ಹೊನ್ನಾಳಿಯು ತುಂಗಭದ್ರೆಯ ದಡದಲ್ಲಿದೆ. ಅದರಿಂದಲೇ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಯು ಮಲೆನಾಡಿನ ಸೆರಗಿಗೆ ಹತ್ತಿರವಾದುದು. ಇವು 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದುವು. ಜಗಳೂರಾದರೋ ಚಿತ್ರದುರ್ಗದಿಂದ ಬಂದ ಬಯಲುಸೀಮೆ. ಮಳೆಯನ್ನೇ ನೆಚ್ಚಿ ಬದುಕುವ ನಾಡು. ಸಾಗುವಳಿಯ ಕೈ ಎಡೆಬಿಡದೆ ಆಡುವ ಗದ್ದೆತೋಟಗಳಲ್ಲಿ ಪರಕೀಯ ವೃಕ್ಷಕ್ಕೆ ಕಾಲೂರಲು ಎಡೆಯಿಲ್ಲ. ಗೋಮಾಳ, ಬತ್ತಿದ ಕೆರೆಯಂಗಳ, ಹಳ್ಳದ ದಂಡೆ, ಬೀಳುಬಿದ್ದ ಹೊಲ ಇವುಗಳೇ ಅದಕ್ಕೆ ಬೇಕಾದ ತಾಣ. ಆದುದರಿಂದ ಬಳ್ಳಾರಿ ಜಾಲಿಯ ವಿಚಾರವು ಮುಖ್ಯವಾಗಿ ಜಗಳೂರಿನಂತಹ ನೆಲದ ವಿಚಾರವಾಗಿದೆ.

ಈ ಮರದ ಹೆಸರೇ ಅದರ ಚರಿತ್ರೆಯನ್ನು ಸೂಚಿಸುವುದು. ಜಾಲಿ ಎಂಬ ಶಬ್ದವು ಮರಕ್ಕಿಂತ ಹಳೆಯದು. ಗೊಬ್ಬಳಿಯೆಂದೂ ಕರೆಯಲ್ಪಡುವ ಕರಿಜಾಲಿಯು ನೇಗಿಲಿಗೂ ಗಾಡಿಗೂ ಮರವನ್ನು, ಚರ್ಮ ಹದಮಾಡುವವರಿಗೆ ತೊಗಟೆಯನ್ನು ಕೊಟ್ಟು ಒಕ್ಕಲಿಗನ ಮನೆಯ ಬಂಧುವಾಗಿತ್ತು. ಹೊರಗಿನಿಂದ ಬಂದ ಮುಳ್ಳುಮರವನ್ನು ಕಂಡ ಜನರು ಪರಿಚಿತವಾದ ಹೆಸರಿಗೇ ಒಂದು ವಿಶೇಷಣವನ್ನು ಹಚ್ಚಿದರು. ಸೀಮೆಸುಣ್ಣ, ಸೀಮೆಹುಣಸೆ, ಸೀಮೆಎಣ್ಣೆಗಳಲ್ಲಿರುವ ಸೀಮೆಯೇ ಸೀಮೆಜಾಲಿಯಲ್ಲಿಯೂ ಇರುವುದು. ತಮಿಳರು ಸೀಮೈಕ್ಕರುವೇಲಂ ಎಂದರು. ಹಿಂದಿಯವರು ವಿಲಾಯತೀ ಬಬೂಲ್ ಎಂದರು. ತೆಲುಗರು ಅದನ್ನು ತಂದವರಾರೆಂಬುದನ್ನು ಮರೆಯದೆ ಸರ್ಕಾರು ತುಮ್ಮ ಎಂದು ಕರೆದರು. ಗುಜರಾತಿನ ಗಾಂಡೋ ಬಾವಳ್, ಎಂದರೆ ಹುಚ್ಚುಜಾಲಿ, ಎಂಬ ಹೆಸರು ಇವೆಲ್ಲಕ್ಕಿಂತಲೂ ಅನ್ವರ್ಥವಾದುದು. ಎಲ್ಲ ಭಾಷೆಗಳಲ್ಲಿಯೂ ವಿಶೇಷಣವು ಬೇರೆ ಬೇರೆ, ವಿಶೇಷ್ಯವು ಮಾತ್ರ ಜಾಲಿಯೇ. ವಸ್ತುತಃ ಇದು ಜಾಲಿಯ ಕುಲಕ್ಕೆ ಸೇರಿದುದಲ್ಲ.

ಇದರ ತವರು ಮೆಕ್ಸಿಕೊ, ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ದ್ವೀಪಗಳು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆಂಗ್ಲ ಅಧಿಕಾರಿಗಳು ಸೌದೆಗಾಗಿಯೂ ಬೆಂಗಾಡನ್ನು ಹಸುರಾಗಿಸುವುದಕ್ಕಾಗಿಯೂ ಇದರ ಬೀಜವನ್ನು ತರಿಸಿದರು. ದಕ್ಷಿಣದಲ್ಲಿ ಕಡಪಾ ಜಿಲ್ಲೆಯ ಕಮಲಾಪುರವು ಮೊದಲು ಬಿತ್ತಿದ ಸ್ಥಳಗಳಲ್ಲಿ ಒಂದು. ಕಡಪಾ, ಬಳ್ಳಾರಿಗಳೆರಡೂ ಅಂದು ಮದರಾಸು ಆಧಿಪತ್ಯದ ದತ್ತಮಂಡಲಕ್ಕೆ ಸೇರಿದ್ದುವು. ಜಗಳೂರು ಮೈಸೂರು ಸಂಸ್ಥಾನದಲ್ಲಿತ್ತು. ಮೈಸೂರಿನ ಕಡೆಯವರು ಇದನ್ನು ಬಳ್ಳಾರಿ ಜಾಲಿ ಎಂದುದು ಗಡಿಯಾಚೆಯಿಂದ ಬಂದುದೆಂಬ ಅರ್ಥದಲ್ಲಿಯೇ ಇರಬೇಕೆಂದು ಊಹಿಸಬಹುದು.

ಇನ್ನು ಸಸ್ಯಶಾಸ್ತ್ರಜ್ಞರು ಮಾಡಿದ ನಾಮಕರಣವನ್ನು ನೋಡಬೇಕು. ಅವರು ಇದನ್ನು ಪ್ರೊಸೋಪಿಸ್ ಜೂಲಿಫ್ಲೋರಾ ಎಂದು ಕರೆದರು. ಉತ್ತರಪದದ ಅರ್ಥ ಬಾಲದಂತೆ ಜೋಲುವ ಹೂಗೊಂಚಲುಳ್ಳುದು ಎಂಬುದು. ಪೂರ್ವಪದವಾದ ಪ್ರೊಸೋಪಿಸ್ ಮಾತ್ರ ವಿಚಾರಾರ್ಹವಾದುದು. ಏಕೆಂದರೆ ಆ ಕುಲನಾಮವು ಮೂಲತಃ ಭಾರತದ ಶಮೀವೃಕ್ಷಕ್ಕೆ, ಕನ್ನಡದ ಬನ್ನಿಗೆ, ಇಟ್ಟ ಹೆಸರು. ನಿಘಂಟುಗಳಲ್ಲಿ ಶಿವಾ, ಸಕ್ತುಫಲಾ ಎಂಬ ಪರ್ಯಾಯಗಳುಳ್ಳ, ಯಜ್ಞದ ಅರಣಿಗೆ ಸಂಬಂಧಪಟ್ಟ, ಪಾಂಡವರ ಆಯುಧಗಳನ್ನು ಅಡಗಿಸಿಟ್ಟುಕೊಂಡ, ವಿಜಯದಶಮಿಯಂದು ಎಲೆಯೇ ಬಂಗಾರವಾಗುವ ಆ ಮರಕ್ಕೂ ಕೆರೆಯಂಗಳದ ಈ ಮುಳ್ಳಿಗೂ ಸಗೋತ್ರತ್ವವನ್ನು ಶಾಸ್ತ್ರಜ್ಞರು ಬಹುಕಾಲ ಹೇಳುತ್ತಿದ್ದರು. 2022ರಲ್ಲಿ ಆ ಕುಲವನ್ನು ವಂಶಾನುಗತ ಲಕ್ಷಣಗಳಿಂದ ಪರೀಕ್ಷಿಸಿ ವಿಭಾಗಿಸಿದುದರಿಂದ ಪ್ರೊಸೋಪಿಸ್ ಎಂಬುದು ಬನ್ನಿಗೂ ಅದರ ಹತ್ತಿರದ ಬಳಗಕ್ಕೂ ಉಳಿಯಿತು. ಬಳ್ಳಾರಿ ಜಾಲಿಯು ಅಮೆರಿಕದ ತನ್ನ ಸಜಾತೀಯಗಳೊಡನೆ ನೆಲ್ತುಮಾ ಎಂಬ ಬೇರೆ ಕುಲಕ್ಕೆ ಸಂದಿತು. ಜನರು ಜಾಲಿಯೆಂದುದೂ ಪಂಡಿತರು ಬನ್ನಿಯ ಕುಲದ್ದೆಂದುದೂ ಹೀಗೆ ಎರಡೂ ಸಡಿಲವಾದುವು.

ಹೆಸರಿನ ಈ ಚರ್ಚೆ ಕೇವಲ ಶಬ್ದವಿನೋದವಲ್ಲ. ಜೋಧಪುರದ ಸಮೀಪದ ಖೇಜಡಲಿಯಲ್ಲಿ 1730ರಲ್ಲಿ ಬಿಷ್ಣೋಯಿಗಳು 363 ಮಂದಿ ಶಮೀವೃಕ್ಷಗಳನ್ನು ಕಡಿಯಗೊಡದೆ ಅಪ್ಪಿ ನಿಂತು ಪ್ರಾಣವನ್ನೇ ತೆತ್ತರು. ಅದೇ ಜೋಧಪುರ ಸಂಸ್ಥಾನವು 1940ರಲ್ಲಿ ರಾಜವೃಕ್ಷವೆಂದು ಗೌರವಿಸಿದುದು ಶಮಿಯನ್ನಲ್ಲ, ಪರದೇಶದ ಈ ಮರವನ್ನು. ಬೇಗ ಬೆಳೆಯುವುದು, ಬರಕ್ಕೆ ಬಗ್ಗದು ಎಂಬ ಗುಣಗಳೇ ಅಂದಿನವರ ಕಣ್ಣಿಗೆ ಬಿದ್ದುವು. ಕಚ್ಛದ ಹುಲ್ಲುಗಾವಲಿನಲ್ಲಿಯೂ ಹೀಗೆಯೇ ಆಯಿತು. ಉಪ್ಪುನೆಲವು ಹಬ್ಬುವುದನ್ನು ತಡೆಯಲು 1960–61ರಲ್ಲಿ ಸುಮಾರು 31,550 ಹೆಕ್ಟೇರಿನಲ್ಲಿ ಇದನ್ನು ನೆಡಲಾಯಿತು. ಮುಂದೆ ಹುಲ್ಲನ್ನೇ ನಂಬಿದ್ದ ದನಗಾಹಿಗಳ ಮೇವಿನ ನೆಲವನ್ನು ಅದು ನುಂಗುತ್ತ ನಡೆಯಿತು. ಆ ಹುಲ್ಲುಗಾವಲಿನ ಹೆಸರು ಬನ್ನಿ! ಕನ್ನಡದ ಬನ್ನಿಗೂ ಅದಕ್ಕೂ ಸಂಬಂಧವಿಲ್ಲ, ಧ್ವನಿಸಾಮ್ಯವಷ್ಟೆ.

ಈ ಮರದ ಬಲವು ಮೂರು ಕಡೆ ಇದೆ. ಮೊದಲನೆಯದು ಬೇರು. ಇದರ ಬಳಗದ ಒಂದು ಮರದ ಬೇರು ಅಮೆರಿಕದ ಅರಿಜೋನಾ ಪ್ರಾಂತದ ಗಣಿಯೊಂದರಲ್ಲಿ 53 ಮೀಟರು ಆಳದಲ್ಲಿ ಕಂಡುಬಂದುದು ಪ್ರಸಿದ್ಧವಾಗಿದೆ. ಎರಡನೆಯದು ಬೀಜ. ಕಾಯಿಯ ತಿರುಳು ಸಿಹಿ, ಬೀಜದ ಕವಚ ಗಡುಸು. ಕುರಿಮೇಕೆಗಳೂ ದನಗಳೂ ಎಲೆಯನ್ನು ಮೂಸಿಯೂ ನೋಡವು. ಕಾಯಿಯನ್ನಾದರೋ ಆಸೆಯಿಂದ ಮೆಲ್ಲುತ್ತವೆ. ಜೀರ್ಣವಾಗದೆ ಉಳಿದ ಬೀಜವು ಗೊಬ್ಬರದೊಡನೆ ಬಿದ್ದು ಮಳೆಗೆ ಮೊಳೆಯುವುದು. ಬೀಳುನೆಲಕ್ಕೆ ಬಿತ್ತುವವನೂ ಗೊಬ್ಬರ ಹಾಕುವವನೂ ಹೀಗೆ ಒಬ್ಬನೇ ಆಗುತ್ತಾನೆ. ಮೂರನೆಯದು ಬುಡ. ಕಾಂಡವನ್ನು ನೆಲಮಟ್ಟಕ್ಕೆ ಕಡಿದರೆ ನೆಲದೊಳಗೆ ಮಲಗಿದ್ದ ಕಣ್ಣುಗಳು ಎಚ್ಚತ್ತು ಒಂದು ಕಾಂಡವಿದ್ದೆಡೆ ಹತ್ತು ಚಿಗುರು ಏಳುವುವು. ಉದುರಿದ ಎಲೆಯ ಸತ್ತ್ವವು ಇತರ ಸಸ್ಯಗಳ ಮೊಳಕೆಯನ್ನು ಅಡಗಿಸುವುದೂ ಪರೀಕ್ಷೆಗಳಿಂದ ತಿಳಿದಿದೆ.

ಆದುದರಿಂದ ಬರಿಯ ಕಡಿತವು ನಿವಾರಣೆಯಲ್ಲ, ಪ್ರೋತ್ಸಾಹ. ಬುಡವನ್ನು ಒಂದು ಗೇಣಿಗಿಂತ ಹೆಚ್ಚು ಆಳಕ್ಕೆ ಅಗೆದು ಬೇರಿನ ಕೊರಳನ್ನೇ ಕತ್ತರಿಸಬೇಕು. ಇಲ್ಲವೆ ಕಡಿದ ಕೂಡಲೇ ಹಸಿ ಗಾಯಕ್ಕೆ ಕಳೆನಾಶಕವನ್ನು ಬಳಿಯಬೇಕು. ಎಳೆಯ ಸಸಿಗಳನ್ನು ಮಳೆ ಬಿದ್ದು ನೆಲ ಮೆತ್ತಗಿರುವಾಗಲೇ ಕಿತ್ತೊಗೆಯಬೇಕು. ಕಾಯಿಗಳನ್ನು ಆರಿಸಿ ಗಿರಣಿಯಲ್ಲಿ ಬೀಸಿ ಹಿಟ್ಟಾಗಿಸಿದರೆ ಬೀಜವೂ ನಾಶವಾಗುವುದು, ಬೇಸಗೆಯಲ್ಲಿ ದನಕ್ಕೆ ತಿನಿಸೂ ಆಗುವುದು. ತೆರವಾದ ನೆಲವನ್ನು ಬರಿದಾಗಿ ಬಿಟ್ಟರೆ ಎರಡು ಮಳೆಗಾಲದಲ್ಲಿ ಮತ್ತೆ ಅದೇ ವನ; ನಾಡಿನ ಹುಲ್ಲು ಮರಗಳನ್ನು ಒಡನೆಯೇ ಬಿತ್ತಿ, ಕೆಲವು ವರ್ಷಗಳವರೆಗೆ ಕಾವಲಿರಬೇಕು. ಈ ಕೊನೆಯ ಕೆಲಸವೇ ಎಲ್ಲ ಕಡೆಯಲ್ಲಿಯೂ ಮರೆತುಹೋಗತಕ್ಕುದು. ಯಂತ್ರ ಬಂದು ಹೋದ ದಿನಕ್ಕೆ ಹಣವುಂಟು, ಮೂರನೆಯ ವರ್ಷದ ಸಸಿ ಕೀಳುವವನಿಗೆ ಕೂಲಿಯಿಲ್ಲ.

ಇತರ ದೇಶಗಳ ಅನುಭವವೂ ಸರಳವಾದುದಲ್ಲ. ದಕ್ಷಿಣ ಆಫ್ರಿಕದವರು ಬೀಜವನ್ನು ಕೊರೆಯುವ ಕೀಟಗಳನ್ನು 1987ರಿಂದ ಬಿಟ್ಟುನೋಡಿದರು. ಮರದ ಹಬ್ಬುಗೆ ನಿಲ್ಲಲಿಲ್ಲ. ಕೆನ್ಯಾದ ಬಾರಿಂಗೊ ಪ್ರಾಂತದ ದನಗಾಹಿಗಳು ಈ ಮರವನ್ನು ನೆಡಿಸಿದ ಸರ್ಕಾರದ ಮೇಲೆಯೇ ವ್ಯಾಜ್ಯ ಹೂಡಿ, ಸಿಹಿಕಾಯಿ ತಿಂದು ಹಲ್ಲು ಕಳೆದುಕೊಂಡ ಮೇಕೆಯೊಂದನ್ನು ಸಾಕ್ಷಿಯಾಗಿ ನ್ಯಾಯಸ್ಥಾನಕ್ಕೆ ತಂದರು. ತಮಿಳುನಾಡಿನಲ್ಲಿ 2017ರಲ್ಲಿ ಉಚ್ಚ ನ್ಯಾಯಾಲಯದ ಮದುರೆ ಪೀಠವು ಈ ಮರಗಳನ್ನು ತೆಗೆಯಲು ಆಜ್ಞಾಪಿಸಿತು. ಕೆಲವು ತಿಂಗಳುಗಳಲ್ಲಿಯೇ ಅದಕ್ಕೆ ತಡೆಯಾಜ್ಞೆಯೂ ಬಂದಿತು. ಸೌದೆಗೂ ಇದ್ದಲಿಗೂ ಇದನ್ನೇ ನಂಬಿದ ಬಡವರಿರುವಲ್ಲಿ ಮರವನ್ನು ಶತ್ರುವೆನ್ನುವುದು ಸುಲಭ, ಅವರ ಒಲೆಗೆ ಬೇರೇನನ್ನು ಕೊಡಬೇಕೆಂಬುದು ಕಷ್ಟ. ಇದ್ದಲಿನ ಬೆಲೆಯಿಂದಲೇ ಮರವು ತೀರಿಹೋಗುವುದೆಂಬ ವಾದವೂ ನಿಲ್ಲದು: ಇದ್ದಲು ಸುಡುವವನು ಬೇರನ್ನು ಉಳಿಸಿಯೇ ಕಡಿಯುತ್ತಾನೆ.

ಜಗಳೂರಿನಲ್ಲಿ ಈ ವಿವೇಚನೆ ಎರಡು ಕಾರಣಗಳಿಂದ ಆವಶ್ಯಕವಾಗಿದೆ. 57 ಕೆರೆಗಳಿಗೆ ತುಂಗಭದ್ರೆಯ ನೀರನ್ನು ಏರಿಸಿ ತುಂಬುವ ಯೋಜನೆಯು ಈ ತಾಲ್ಲೂಕಿನದು; ಜಾಲಿ ಹಬ್ಬಿದ ಅಂಗಳಕ್ಕೆ ನೀರು ಬಂದರೆ ಬೇರು ಉಳಿಯುವುದು, ಹೂಳೂ ಉಳಿಯುವುದು. ಎರಡನೆಯದಾಗಿ, 2011ರಲ್ಲಿ ಘೋಷಿತವಾದ ರಂಗಯ್ಯನದುರ್ಗದ ಕೊಂಡುಕುರಿ ವನ್ಯಧಾಮವು ಇಲ್ಲಿಯೇ ಇದೆ. ನಾಲ್ಕು ಕೊಂಬಿನ ಆ ಪುಟ್ಟ ಮೃಗಕ್ಕೆ ಬೇಕಾದುದು ಹುಲ್ಲೂ ನಾಡಿನ ಕುರುಚಲೂ ಬೆರೆತ ಕಾಡು. ಅಲ್ಲಿ ಕಡಿಯುವವನಿಗೆ ಜಾಲಿಯೆಂಬ ಒಂದೇ ಹೆಸರು ತಿಳಿದಿದ್ದರೆ ಮೂರು ಮರಗಳೂ ಒಟ್ಟಿಗೆ ಉರುಳುವುವು.

ಗುರುತಿಸುವುದು ಕಷ್ಟವಲ್ಲ. ಕರಿಜಾಲಿಯ ಹೂವು ಹಳದಿಯ ಗುಂಡು ಚೆಂಡು. ಕಾಯಿಯು ಮಣಿ ಪೋಣಿಸಿದಂತೆ ಬೀಜಬೀಜಕ್ಕೆ ಇರುಕಿದುದು. ಬಳ್ಳಾರಿ ಜಾಲಿಯ ಹೂವು ಹಸುರುಹಳದಿಯ ಬಾಲ; ಮುಳ್ಳು ಎಲೆಯ ಬುಡದಲ್ಲಿ ಜೋಡಿಯಾಗಿ ಏಳುವುದು; ಕಾಯಿ ಹಳದಿ, ದಪ್ಪ, ತುಸು ಬಾಗಿದುದು. ಬನ್ನಿಯ ಹೂವೂ ಬಾಲದಂತೆಯೇ ಇರುವುದರಿಂದ ಅಲ್ಲಿ ಮೋಸಹೋಗಬಹುದು. ಆದರೆ ಅದರ ಮುಳ್ಳುಗಳು ಜೋಡಿಯಾಗಿರದೆ ಗಿಣ್ಣುಗಳ ನಡುವೆ ಕೊಂಬೆಯುದ್ದಕ್ಕೂ ಚದರಿರುವುವು, ಕಾಯಿ ಸಣಕಲಾಗಿ ದುಂಡಾಗಿರುವುದು. ಕೊಡಲಿ ಎತ್ತುವ ಮುಂಚೆ ಮುಳ್ಳಿರುವ ಎಡೆಯನ್ನು ನೋಡಿ ಉಳಿಸತಕ್ಕ ಮರಕ್ಕೆ ಸುಣ್ಣದ ಪಟ್ಟೆ ಬಳಿಯುವುದಕ್ಕೆ ಒಂದು ಹಗಲು ಸಾಕು.