ಚೀನದೇಶದಲ್ಲಿ ಪರದೇಶದ ವಿದ್ಯಾರ್ಥಿಗಳು

ಧರ್ಮಗ್ರಂಥಗಳನ್ನೂ ವಿದ್ಯೆಯನ್ನೂ ಅರಸಿ ಚೀನದಿಂದ ಭರತಖಂಡಕ್ಕೆ ಬಂದ ಫಾಹಿಯಾನ್, ಹ್ಯೂಯೆನ್ ತ್ಸಾಂಗ್, ಇತ್ಸಿಂಗ್ ಇವರ ಹೆಸರುಗಳು ನಮ್ಮಲ್ಲಿ ಪ್ರೌಢಶಾಲೆಯ ಬಾಲಕರಿಗೂ ಪರಿಚಿತವಾಗಿವೆ. ಆದರೆ ವಿದ್ಯಾರ್ಜನೆಗೆಂದು ಚೀನಕ್ಕೇ ಹೋದ ಪರದೇಶೀಯರ ವಿಷಯವು ನಮ್ಮ ಪಠ್ಯಗ್ರಂಥಗಳಲ್ಲಿ ಕಾಣಬರುವುದು ವಿರಳ. ಈ ಉಪೇಕ್ಷೆಗೆ ಈಗ ಕಾರಣವುಳಿದಿಲ್ಲ. 2018ನೆಯ ಇಸವಿಯಲ್ಲಿ ಚೀನದ ವಿದ್ಯಾಸಂಸ್ಥೆಗಳಲ್ಲಿ 196 ದೇಶಗಳ 4,92,185 ಮಂದಿ ಪರದೇಶೀಯರು ವ್ಯಾಸಂಗ ಮಾಡುತ್ತಿದ್ದರೆಂದು ಅಲ್ಲಿನ ಶಿಕ್ಷಣ ಸಚಿವಾಲಯವು ಲೆಕ್ಕ ಕೊಟ್ಟಿದೆ. ಅವರಲ್ಲಿ ಭಾರತೀಯರು 23,198, ಬಹುಮಂದಿ ವೈದ್ಯವಿದ್ಯಾರ್ಥಿಗಳು. ಇವರ ಪೂರ್ವಜರೆನ್ನಬಹುದಾದ ವಿದ್ಯಾರ್ಥಿಗಳು ಸಾವಿರದಮುನ್ನೂರು ವರ್ಷಗಳ ಹಿಂದೆಯೇ ಚೀನದ ರಾಜಧಾನಿಯಲ್ಲಿದ್ದರು. ಅವರನ್ನು ಪೋಷಿಸಿದವರು ಯಾರು, ಅಲ್ಲಿಯ ಭಾಷೆಯನ್ನು ಅವರು ಹೇಗೆ ನಿಭಾಯಿಸಿದರು, ಸ್ವದೇಶಕ್ಕೆ ಮರಳುವುದು ಅವರ ಇಚ್ಛೆಗೆ ಒಳಪಟ್ಟಿತ್ತೆ ಎಂಬ ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ವಿಚಾರಿಸಲಾಗಿದೆ.

ತಾಂಗ್ ವಂಶದ (618–907) ಎರಡನೆಯ ಚಕ್ರವರ್ತಿಯಾದ ತೈತ್ಸುಂಗನು ರಾಜಧಾನಿಯಾದ ಚಾಂಗ್‌ಆನ್ ನಗರದ ಉನ್ನತ ವಿದ್ಯಾಲಯವನ್ನು ವಿಸ್ತರಿಸಿ, ವಿದ್ಯಾರ್ಥಿಗಳ ವಸತಿಗಾಗಿ 1,200 ಕೊಠಡಿಗಳನ್ನು ಹೆಚ್ಚಾಗಿ ಕಟ್ಟಿಸಿದನು. ಗುವೋಜಿಜಿಯಾನ್ ಎಂಬ ಈ ಸಂಸ್ಥೆಯ ಆಡಳಿತದಲ್ಲಿ ಆರು ಶಾಲೆಗಳಿದ್ದವು. ಮೂರರಲ್ಲಿ ಪ್ರಾಚೀನ ಶಾಸ್ತ್ರಗ್ರಂಥಗಳ ಪಾಠ. ಉಳಿದ ಮೂರರಲ್ಲಿ ನ್ಯಾಯಶಾಸ್ತ್ರ, ಲಿಪಿವಿದ್ಯೆ ಮತ್ತು ಗಣಿತ. ಕೊರಿಯದ ಮೂರು ರಾಜ್ಯಗಳೂ, ಮಧ್ಯ ಏಷ್ಯದ ಗಾವೋಛಾಂಗ್ ರಾಜ್ಯವೂ, ಟಿಬೆಟ್ಟೂ ತಮ್ಮ ಶ್ರೀಮಂತ ಕುಲಗಳ ಮಕ್ಕಳನ್ನು ಇಲ್ಲಿಗೆ ಕಳುಹಿಸಿದುವು. ಒಟ್ಟು ವಿದ್ಯಾರ್ಥಿಗಳ ಸಂಖ್ಯೆ ಎಂಟು ಸಾವಿರವನ್ನು ಮೀರಿತೆಂದು ಚೀನದ ಚರಿತ್ರಕಾರರು ಬರೆದಿದ್ದಾರೆ. ರಾಜವೈಭವವನ್ನು ವರ್ಣಿಸುವ ಸಂದರ್ಭದಲ್ಲಿ ಬಂದ ಸಂಖ್ಯೆಯಾದುದರಿಂದ ಇದನ್ನು ಸ್ವಲ್ಪ ಎಚ್ಚರಿಕೆಯಿಂದಲೇ ಗ್ರಹಿಸಬೇಕು.

ಪರದೇಶದ ವಿದ್ಯಾರ್ಥಿಯ ಅನ್ನವಸ್ತ್ರಗಳ ಹೊಣೆ ಚೀನದ ಸರ್ಕಾರದ್ದು. ಪರರಾಷ್ಟ್ರದ ಅತಿಥಿಗಳನ್ನು ನೋಡಿಕೊಳ್ಳುವ ಇಲಾಖೆಯೇ ಅವನಿಗೆ ಧಾನ್ಯವನ್ನೂ ಋತುಮಾನಕ್ಕೆ ತಕ್ಕ ಉಡುಪನ್ನೂ ಒದಗಿಸುತ್ತಿತ್ತು. ಪುಸ್ತಕಗಳನ್ನು ಕೊಳ್ಳಲು ಬೇಕಾದ ಬೆಳ್ಳಿಯನ್ನು ಮಾತ್ರ ಸ್ವದೇಶದ ಅರಸನು ಕೊಡಬೇಕು. ಕೊರಿಯದ ಸಿಲ್ಲಾ ರಾಜ್ಯದ ವಿದ್ಯಾರ್ಥಿಗಳಿಗೆ ಹತ್ತು ವರ್ಷಗಳ ಅವಧಿ ಗೊತ್ತಾಗಿತ್ತು. 837ರಲ್ಲಿ ಹೊಸಬರೂ ಹಳಬರೂ ಸೇರಿ 216 ಮಂದಿ ಸಿಲ್ಲಾ ವಿದ್ಯಾರ್ಥಿಗಳಿಗೆ ಅನ್ನವಸ್ತ್ರಗಳನ್ನು ಬೇಡಿದ ವಿಷಯ ಸರ್ಕಾರಿ ದಾಖಲೆಯಲ್ಲಿದೆ. ಮೂರೇ ವರ್ಷಗಳ ತರುವಾಯ, 840ರಲ್ಲಿ, ಅವಧಿ ತೀರಿದ ವಿದ್ಯಾರ್ಥಿಗಳೂ ಒತ್ತೆಯಾಗಿದ್ದ ರಾಜಪುತ್ರರೂ ಸೇರಿ 105 ಮಂದಿಯನ್ನು ಹಿಂದಕ್ಕೆ ಕಳುಹಿಸಲಾಯಿತು. ವಿದ್ಯಾರ್ಥಿಯನ್ನೂ ಒತ್ತೆಯಾಳನ್ನೂ ಒಂದೇ ಪಟ್ಟಿಯಲ್ಲಿ ಎಣಿಸಿರುವುದು ಗಮನಾರ್ಹ. ಉಣಿಸುವ ಕೈಯೇ ತಡೆಯುವ ಮತ್ತು ಕಳುಹಿಸುವ ಕೈಯೂ ಆಗಿತ್ತು. ಆ ಕಾಲದ ವಿದ್ಯಾರ್ಥಿಜೀವನದ ಸುಖದುಃಖಗಳೆರಡೂ ಬಹುಮಟ್ಟಿಗೆ ಇದರಿಂದಲೇ ಹುಟ್ಟಿದುವೆಂದು ನನ್ನ ಅಭಿಪ್ರಾಯ.

ನಿತ್ಯಜೀವನವೂ ಕಟ್ಟುಪಾಡಿನದೇ. ಚಾಂಗ್‌ಆನ್ ನಗರವು ಗೋಡೆಗಳಿಂದ ಸುತ್ತುವರಿದ ನೂರಕ್ಕೂ ಹೆಚ್ಚು ಕೇರಿಗಳಾಗಿ ವಿಭಾಗವಾಗಿತ್ತು. ಸಂಜೆ ನಗಾರಿ ಬಾರಿಸಿದೊಡನೆ ಕೇರಿಗಳ ಬಾಗಿಲು ಮುಚ್ಚುತ್ತಿದ್ದುವು. ಆಮೇಲೆ ಬೀದಿಯಲ್ಲಿ ಸಿಕ್ಕಿಬಿದ್ದವನಿಗೆ ಇಪ್ಪತ್ತು ಪೆಟ್ಟು. ವಿದ್ಯಾರ್ಥಿನಿಲಯದ ಬಾಗಿಲು ಬೇಗ ಮುಚ್ಚುವುದೆಂದು ದೂರುವ ನಮ್ಮ ಹುಡುಗರು ಇದನ್ನು ಕೇಳಬೇಕು.

ಭಾಷೆಯ ತೊಡಕು ಇದಕ್ಕಿಂತ ದೊಡ್ಡದಾಗಿತ್ತು. ಜಪಾನಿನವರೂ ಕೊರಿಯದವರೂ ಚೀನೀ ಲಿಪಿಯನ್ನೂ ಶಾಸ್ತ್ರಗ್ರಂಥಗಳನ್ನೂ ತಮ್ಮ ನಾಡಿನಲ್ಲೇ ಕಲಿತು ಬರುತ್ತಿದ್ದರು. ಆದರೆ ಓದಬಲ್ಲವನು ಆಡಬಲ್ಲವನಾಗಿರಬೇಕೆಂದಿಲ್ಲ. 804ರಲ್ಲಿ ಪ್ರಸಿದ್ಧ ಆಚಾರ್ಯ ಕೂಕಾಯ್‌ನೊಡನೆ ಚೀನಕ್ಕೆ ಬಂದ ತಾಚಿಬಾನ ನೊ ಹಯಾನರಿ ಎಂಬ ವಿದ್ಯಾರ್ಥಿಯ ಪರವಾಗಿ ಕೂಕಾಯ್ ಬರೆದುಕೊಟ್ಟ ಬಿನ್ನಹವೊಂದು ಉಳಿದುಬಂದಿದೆ. ಮಾತು ತಿಳಿಯದ ಕಾರಣ ವಿದ್ಯಾಲಯದ ಪಾಠಗಳಿಗೆ ಸೇರಲಾಗಲಿಲ್ಲ, ಮಾತಿನ ಅಗತ್ಯ ಕಡಿಮೆಯಿರುವ ತಂತೀವಾದ್ಯವನ್ನೂ ಲಿಪಿಕಲೆಯನ್ನೂ ಕಲಿತೆ, ಸರ್ಕಾರ ಕೊಡುವ ಧಾನ್ಯ ಪ್ರಾಣಧಾರಣೆಗೆ ಸಾಕೇ ಹೊರತು ಗುರುದಕ್ಷಿಣೆಗೆ ಒದಗದು, ಆದುದರಿಂದ ಮರಳಲು ಅಪ್ಪಣೆಯಾಗಬೇಕು ಎಂಬುದು ಅದರ ತಾತ್ಪರ್ಯ. ಇಪ್ಪತ್ತು ವರ್ಷ ಇರಬೇಕೆಂದು ಬಂದ ಇಬ್ಬರೂ 806ರಲ್ಲಿಯೇ ಜಪಾನಿಗೆ ಹಿಂದಿರುಗಿದರು. ಈ ಹಯಾನರಿಯು ಮುಂದೆ ಜಪಾನಿನ ಮೂವರು ಶ್ರೇಷ್ಠ ಲಿಪಿಕಾರರಲ್ಲಿ ಒಬ್ಬನೆಂದು ಗಣಿತನಾದನು. ಮಾತು ಬಾರದುದರ ಫಲವೆನ್ನೋಣವೆ?

ಮರಳುವ ವಿಷಯದಲ್ಲಿ ಅದೃಷ್ಟದ ಪಾಲು ಎಷ್ಟೆಂಬುದು 717ರಲ್ಲಿ ಒಂದೇ ರಾಯಭಾರದೊಡನೆ ಹೊರಟ ಇಬ್ಬರ ಕಥೆಯಿಂದ ತಿಳಿಯುತ್ತದೆ. ಕಿಬಿ ನೊ ಮಕಿಬಿ 735ರಲ್ಲಿ ಗ್ರಂಥಗಳು, ಪಂಚಾಂಗ, ವಾದ್ಯಗಳೊಡನೆ ಜಪಾನನ್ನು ಸೇರಿ ಮಂತ್ರಿಪದವಿಗೇರಿದನು. ಅಬೆ ನೊ ನಕಮಾರೊ ಚೀನದ ಪರೀಕ್ಷೆಯಲ್ಲಿ ಉತ್ತೀರ್ಣನಾಗಿ ಅಲ್ಲಿಯೇ ಅಧಿಕಾರಿಯಾದನು. 753ರಲ್ಲಿ ಅಪ್ಪಣೆ ದೊರೆತು ಅವನು ಹಡಗನ್ನೇರಿದಾಗ ಬಿರುಗಾಳಿ ಆ ಹಡಗನ್ನು ಅನ್ನಾಮ್ ತೀರಕ್ಕೆ ಒಯ್ದಿತು. ಅವನು ಸತ್ತನೆಂದೇ ಭಾವಿಸಿ ಕವಿ ಲಿ ಬೈ ಶೋಕಗೀತವನ್ನು ರಚಿಸಿದನು. ನಕಮಾರೊ ಚಾಂಗ್‌ಆನ್‌ಗೆ ಹಿಂದಿರುಗಿ, ಜನ್ಮಭೂಮಿಯನ್ನು ಮತ್ತೆ ಕಾಣದೆ 770ರಲ್ಲಿ ಅಲ್ಲಿಯೇ ತೀರಿಕೊಂಡನು.

ಮರಳಿದವರಿಗೆಲ್ಲ ಸ್ವದೇಶದಲ್ಲಿ ಸ್ಥಾನವಿತ್ತೆಂದೂ ಹೇಳಲಾಗದು. ಸಿಲ್ಲಾದ ಚ್ವೇ ಚಿವನ್ 868ರಲ್ಲಿ ಹನ್ನೆರಡರ ಪ್ರಾಯದಲ್ಲಿ ಹಡಗು ಹತ್ತಿದಾಗ, ಹತ್ತು ವರ್ಷಗಳಲ್ಲಿ ಪರೀಕ್ಷೆ ಗೆಲ್ಲದಿದ್ದರೆ ನೀನು ನನ್ನ ಮಗನಲ್ಲವೆಂದು ತಂದೆ ಹೇಳಿ ಕಳುಹಿಸಿದನಂತೆ. ಪರದೇಶೀಯರಿಗಾಗಿಯೇ ಏರ್ಪಟ್ಟಿದ್ದ ವಿಭಾಗದಲ್ಲಿ ಬಾಲಕನು ಆರೇ ವರ್ಷಗಳಲ್ಲಿ, 874ರಲ್ಲಿ, ತೇರ್ಗಡೆಯಾದನು. ಚೀನದಲ್ಲಿ ಅಧಿಕಾರವನ್ನೂ ಕೀರ್ತಿಯನ್ನೂ ಪಡೆದು 885ರಲ್ಲಿ ಮರಳಿದ ಅವನು 894ರಲ್ಲಿ ಹತ್ತು ಅಂಶಗಳ ಸುಧಾರಣಾ ಯೋಜನೆಯನ್ನು ರಾಣಿಗೆ ಅರ್ಪಿಸಿದನು. ಹುಟ್ಟಿನಿಂದಲೇ ಅಧಿಕಾರವನ್ನು ಅಳೆಯುವ ಸಿಲ್ಲಾದ ಸಮಾಜದಲ್ಲಿ ಅದು ಕೈಗೂಡಲಿಲ್ಲ. ಕಡೆಗೆ ಅವನು ಲೌಕಿಕವನ್ನು ತೊರೆದು ಬೆಟ್ಟಗಳ ನಡುವಿನ ವಿಹಾರವೊಂದನ್ನು ಸೇರಿದನು.

ಇವರೆಲ್ಲರಿಗಿಂತಲೂ ವಿಶದವಾಗಿ ತನ್ನ ಅನುಭವವನ್ನು ಬರೆದಿಟ್ಟವನು ಎನ್ನಿನ್ ಎಂಬ ಜಪಾನೀ ಭಿಕ್ಷು. ನಾಲ್ಕು ಸಂಪುಟಗಳ ಅವನ ದಿನಚರಿಯನ್ನು ಎಡ್ವಿನ್ ರೈಷಾವರ್ 1955ರಲ್ಲಿ ಇಂಗ್ಲಿಷಿಗೆ ಅನುವಾದಿಸಿದ್ದಾರೆ. ಇತಿಹಾಸದ ವಿದ್ಯಾರ್ಥಿಗಳು ಅದನ್ನು ಅವಶ್ಯವಾಗಿ ಓದಬೇಕು. ಊಟದ ಬೆಲೆ, ದಾರಿಯ ದೂರ, ಮಿಡತೆಗಳ ಹಾವಳಿ, ಗುಮಾಸ್ತರ ವಿಳಂಬ ಎಲ್ಲವೂ ಅಲ್ಲಿ ದೊರೆಯುತ್ತವೆ. 838ರಲ್ಲಿ ಅಲ್ಪಾವಧಿಯ ವಿದ್ಯಾರ್ಥಿಯಾಗಿ ಬಂದ ಎನ್ನಿನನಿಗೆ ತಿಯಾನ್‌ತಾಯ್ ಪರ್ವತದ ವಿಹಾರಕ್ಕೆ ಹೋಗಿ ಓದಬೇಕೆಂಬ ಹಂಬಲ. ದೀರ್ಘಾವಧಿಗೆ ಬಂದಿದ್ದ ಎನ್ಸಾಯ್ ಎಂಬ ಸಹಪಾಠಿಗೆ ಅಪ್ಪಣೆ ಸಿಕ್ಕಿತು, ಇವನಿಗೆ ಸಿಗಲಿಲ್ಲ. ರಾಯಭಾರದ ಹಡಗುಗಳು ಮರಳಿ ಹೊರಟಾಗ ಎನ್ನಿನ್ ಚೀನದ ತೀರದಲ್ಲಿಯೇ ಉಳಿದುಬಿಟ್ಟನು. ನಮ್ಮ ಆಡುನುಡಿಯಲ್ಲಿ ಪರದೇಶಿ ಎಂದರೆ ದಿಕ್ಕಿಲ್ಲದವನು. ಎನ್ನಿನ್ ಆ ಅರ್ಥದಲ್ಲಿಯೂ ಪರದೇಶಿಯಾಗಿದ್ದನು. ಅವನಿಗೆ ದಿಕ್ಕಾದವರು ಶಾಂಡೊಂಗ್ ಕರಾವಳಿಯಲ್ಲಿ ನೆಲಸಿದ್ದ ಸಿಲ್ಲಾದ ವರ್ತಕರು ಮತ್ತು ಅವರ ವಿಹಾರದ ಭಿಕ್ಷುಗಳು. ಅವರ ಆಶ್ರಯದಲ್ಲಿ ಚಳಿಗಾಲವನ್ನು ಕಳೆದು, ಊರಿನಿಂದ ಊರಿಗೆ ಅರ್ಜಿ ಬರೆದು, ರಹದಾರಿ ಪಡೆದು, ವುತಾಯ್ ಪರ್ವತವನ್ನು ಸಂದರ್ಶಿಸಿ 840ರಲ್ಲಿ ಅವನು ರಾಜಧಾನಿಯನ್ನು ಮುಟ್ಟಿದನು.

ಅಲ್ಲಿ ಎನ್ನಿನ್ ಸಂಸ್ಕೃತದ ಸಿದ್ಧಂ ಲಿಪಿಯನ್ನೂ ಉಚ್ಚಾರಣೆಯನ್ನೂ ಕಲಿತದ್ದು ದಕ್ಷಿಣ ಭಾರತದ ಭಿಕ್ಷುವೊಬ್ಬನಿಂದ. ಚೀನೀಯರು ಅವನನ್ನು ಬಾವೋಯುಯೆ ಎಂದು ಕರೆಯುತ್ತಿದ್ದರು. ರತ್ನಚಂದ್ರ ಎಂದು ಅದರ ಅರ್ಥ. ಅವನು ಕನ್ನಡ ನಾಡಿನವನೆನ್ನಲು ಯಾವ ಆಧಾರವೂ ಇಲ್ಲ, ಅಂತಹ ಊಹೆಯ ಆಸೆಯನ್ನು ಬಿಡುವುದೇ ಲೇಸು. ನಮ್ಮಲ್ಲಿ ಅಮೋಘವರ್ಷ ನೃಪತುಂಗನು ಆಳುತ್ತಿದ್ದ ಕಾಲವದು ಎಂದಷ್ಟೇ ಹೇಳಬಹುದು. 841ರಲ್ಲಿ ಚಕ್ರವರ್ತಿಯ ದರ್ಶನವಾದಾಗ ಬಾವೋಯುಯೆ ತನ್ನ ನಿಲುವಂಗಿಯೊಳಗಿನಿಂದ ಬಿನ್ನಹಪತ್ರವನ್ನು ತೆಗೆದು, ಸ್ವದೇಶಕ್ಕೆ ಮರಳಲು ಅಪ್ಪಣೆ ಬೇಡಿದನು. ಮೊದಲು ಮೇಲಧಿಕಾರಿಗೆ ತಿಳಿಸದೆ ನೇರವಾಗಿ ದೊರೆಗೆ ಅರಿಕೆಮಾಡಿದ್ದು ಅಪರಾಧವಾಯಿತು. ಅವನ ಮೂವರು ಶಿಷ್ಯರಿಗೆ ಏಳೇಳು ಪೆಟ್ಟು, ದುಭಾಷಿಯಾದ ಭಿಕ್ಷುವಿಗೆ ಹತ್ತು. ಆಚಾರ್ಯನನ್ನು ಹೊಡೆಯಲಿಲ್ಲ, ಊರಿಗೆ ಹೋಗಲೂ ಬಿಡಲಿಲ್ಲ. ಈ ಸಂಗತಿಯನ್ನು ಎನ್ನಿನ್ ತನ್ನ ಅಭಿಪ್ರಾಯವನ್ನು ಸೇರಿಸದೆ ಬರೆದಿದ್ದಾನೆ. ಆದರೆ ಅವನೂ ಅದೇ ವರ್ಷದಿಂದ ಮರಳುವ ಅಪ್ಪಣೆಗಾಗಿ ನೂರಕ್ಕೂ ಹೆಚ್ಚು ಅರ್ಜಿಗಳನ್ನು ಕೊಟ್ಟನು. ಒಂದೂ ಫಲಿಸಲಿಲ್ಲ. ಆ ವೇಳೆಗೆ ವೂತ್ಸುಂಗ್ ಚಕ್ರವರ್ತಿಯು ಬೌದ್ಧರನ್ನು ಹಿಂಸಿಸತೊಡಗಿದ್ದನು. 845ರಲ್ಲಿ, ಸರ್ಕಾರಿ ಪ್ರಮಾಣಪತ್ರವಿಲ್ಲದ ಪರದೇಶದ ಭಿಕ್ಷುಗಳು ಕಾಷಾಯವನ್ನು ಕಳಚಿ ದೇಶಬಿಟ್ಟು ಹೋಗತಕ್ಕದ್ದೆಂದು ಆಜ್ಞೆಯಾಯಿತು. ನೂರು ಅರ್ಜಿಗಳಿಂದ ಆಗದ ಕಾರ್ಯವು ಧರ್ಮಕ್ಕೆ ಒದಗಿದ ಆಪತ್ತಿನಿಂದ ಆಯಿತು. ಏಕಕಾಲಕ್ಕೆ ದುಃಖವೂ ಸಂತೋಷವೂ ಆಯಿತೆಂದು ಎನ್ನಿನ್ ಬರೆದುಕೊಂಡಿದ್ದಾನೆ. ಅವನು ಜಪಾನನ್ನು ತಲುಪಿದ್ದು 847ರಲ್ಲಿ. ಅಪ್ಪಣೆ ಸುಲಭವಾಗಿ ಸಿಕ್ಕಿದ್ದ ಎನ್ಸಾಯ್ ಸುಮಾರು ನಾಲ್ವತ್ತು ವರ್ಷ ಚೀನದಲ್ಲಿದ್ದು, 877ರಲ್ಲಿ ಮರಳುವ ದಾರಿಯಲ್ಲಿ ಹಡಗು ಒಡೆದು ಸಮುದ್ರದಲ್ಲಿ ಮುಳುಗಿದನು.

ನಡುವಣ ಶತಮಾನಗಳನ್ನು ಬಿಟ್ಟು ನಮ್ಮ ಕಾಲಕ್ಕೆ ಬರೋಣ. 1947ರಲ್ಲಿ ಭಾರತದ ಸರ್ಕಾರವು ಕೆಲವರು ವಿದ್ಯಾರ್ಥಿಗಳನ್ನು ಪೀಕಿಂಗಿಗೆ ಕಳುಹಿಸಿತು. ಅವರಲ್ಲೊಬ್ಬರಾದ ವಿ. ವಿ. ಪರಾಂಜಪೆಯವರು 1954ರಲ್ಲಿ ನೆಹರೂ ಅವರು ಚೀನಕ್ಕೆ ಹೋದಾಗ ದುಭಾಷಿಯಾಗಿದ್ದರು. ಕಮ್ಯೂನಿಸ್ಟ್ ಸರ್ಕಾರವು ಮೊದಲು ಬರಮಾಡಿಕೊಂಡದ್ದು ಪೂರ್ವ ಯೂರೋಪಿನ ವಿದ್ಯಾರ್ಥಿಗಳನ್ನು. 1950ರಲ್ಲಿ ಚಿಂಗ್ಹ್ವಾ ವಿಶ್ವವಿದ್ಯಾನಿಲಯದಲ್ಲಿ ಅವರಿಗಾಗಿ ಪ್ರತ್ಯೇಕ ಭಾಷಾತರಗತಿ ತೆರೆಯಿತು. ಭಾಷೆ ಕಲಿತ ಮೇಲೆಯೇ ವಿಷಯದ ಪಾಠವೆಂಬ ಕ್ರಮ ಆಗ ಬಂದಿತು. 1966ರ ಸಾಂಸ್ಕೃತಿಕ ಕ್ರಾಂತಿಯಲ್ಲಿ ಪರದೇಶದ ವಿದ್ಯಾರ್ಥಿಗಳು ಊರುಗಳಿಗೆ ಮರಳಬೇಕಾಯಿತು. 1973ರಲ್ಲಿ ಬಾಗಿಲು ಮತ್ತೆ ತೆರೆಯಿತು.

ಇಂದಿನ ವಿದ್ಯಾರ್ಥಿಗೆ ನಗಾರಿಯ ಭಯವಿಲ್ಲ. ಆದರೂ ವಾಸಸ್ಥಳವನ್ನು ಪೊಲೀಸರಲ್ಲಿ ನೋಂದಾಯಿಸಬೇಕು. ದೀರ್ಘ ವ್ಯಾಸಂಗದ ವೀಸಾದಲ್ಲಿ ಹೋದವನು ದೇಶವನ್ನು ಸೇರಿದ ಮೂವತ್ತು ದಿನಗಳೊಳಗೆ ನಿವಾಸಪತ್ರಕ್ಕೆ ಅರ್ಜಿ ಹಾಕಬೇಕು. ಇವು ಹೆಚ್ಚಿನ ಕಷ್ಟವಲ್ಲ. ಹಯಾನರಿಯ ತೊಡಕೇ ಈಗಲೂ ದೊಡ್ಡದು. ವೈದ್ಯವಿದ್ಯಾರ್ಥಿಗೆ ತರಗತಿಯಲ್ಲಿ ಇಂಗ್ಲಿಷಿನ ಪಾಠ ದೊರೆಯಬಹುದು. ಆದರೆ ಆಸ್ಪತ್ರೆಯ ಮಂಚದ ಮೇಲಿರುವ ಮುದುಕಿ ತನ್ನ ಹೊಟ್ಟೆನೋವನ್ನು ಚೀನೀ ಭಾಷೆಯಲ್ಲಿಯೇ, ಅನೇಕ ವೇಳೆ ತನ್ನ ಪ್ರಾಂತದ ಆಡುನುಡಿಯಲ್ಲಿಯೇ ಹೇಳುತ್ತಾಳೆ. ಅವಳ ಮಾತು ತಿಳಿಯದವನು ರೋಗವನ್ನು ಪುಸ್ತಕದಲ್ಲಿ ಮಾತ್ರ ಕಂಡಂತಾಗುತ್ತದೆ.

ಅಪ್ಪಣೆಯ ಪ್ರಶ್ನೆಯೂ ಮತ್ತೊಮ್ಮೆ ತಲೆಯೆತ್ತಿತು, ಈ ಬಾರಿ ತಿರುವುಮುರುವಾಗಿ. 2020ರ ಫೆಬ್ರವರಿಯ ಮೊದಲ ದಿನಗಳಲ್ಲಿ ಸಾಂಕ್ರಾಮಿಕದ ನಿಮಿತ್ತ ವುಹಾನ್ ನಗರದಿಂದ 647 ಭಾರತೀಯರನ್ನು ಎರಡು ವಿಮಾನಗಳಲ್ಲಿ ದೆಹಲಿಗೆ ಕರೆತರಲಾಯಿತು; ಅವರಲ್ಲಿ ವಿದ್ಯಾರ್ಥಿಗಳು ಬಹುಮಂದಿ. ಅದೇ ಮಾರ್ಚ್ 28ರಂದು ಚೀನವು ಪರದೇಶೀಯರ ಪ್ರವೇಶವನ್ನು ನಿಲ್ಲಿಸಿತು. ರಜಕ್ಕೆಂದು ಊರಿಗೆ ಬಂದಿದ್ದವರು ಪುಸ್ತಕಗಳನ್ನೂ ಬಟ್ಟೆಬರೆಗಳನ್ನೂ ಅಲ್ಲಿನ ಕೊಠಡಿಗಳಲ್ಲಿಯೇ ಬಿಟ್ಟು, 2022ರ ಆಗಸ್ಟಿನಲ್ಲಿ ವೀಸಾ ನೀಡಿಕೆ ಪುನಃ ಆರಂಭವಾಗುವವರೆಗೆ ಮನೆಯಲ್ಲಿ ಕುಳಿತು ದೂರದಿಂದಲೇ ಪಾಠ ಕೇಳಿದರು. ದೂರದಿಂದ ಶರೀರಶಾಸ್ತ್ರವನ್ನು ಓದಬಹುದು, ರೋಗಿಯ ನಾಡಿ ಹಿಡಿಯುವುದು ಸಾಧ್ಯವಿಲ್ಲ. ಹೀಗೆ ಪದವಿ ಮುಗಿಸಿದವರಿಗೆ ಭಾರತದ ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರ ಜುಲೈನಲ್ಲಿ ಒಂದು ವರ್ಷಕ್ಕೆ ಬದಲಾಗಿ ಎರಡು ವರ್ಷಗಳ ಆಸ್ಪತ್ರೆಯ ತರಬೇತಿಯನ್ನು ವಿಧಿಸಿತು. ತಮ್ಮದಲ್ಲದ ತಪ್ಪಿಗೆ ಒಂದು ವರ್ಷ ಹೋಯಿತೆಂಬ ಅವರ ಅಳಲಿಗೂ, ರೋಗಿಗಳ ಹಿತವನ್ನು ನೋಡಬೇಕಾದ ಆಯೋಗದ ನಿಲುವಿಗೂ ನ್ಯಾಯವಿತ್ತು.

ಈಚೆಗೆ ನಮ್ಮ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು, ತನ್ನ ತಮ್ಮನನ್ನು ವೈದ್ಯಶಿಕ್ಷಣಕ್ಕಾಗಿ ಚೀನಕ್ಕೆ ಕಳುಹಿಸಬಹುದೇ ಎಂದು ನನ್ನನ್ನು ವಿಚಾರಿಸಿದಳು. ಇತಿಹಾಸದ ಅಧ್ಯಾಪಕನಿಗೆ ಆ ಪ್ರಶ್ನೆ ಬಂದದ್ದು ಸೋಜಿಗವೇ ಸರಿ. ಶುಲ್ಕ, ಊಟ, ಚಳಿ ಇವುಗಳ ಲೆಕ್ಕವನ್ನು ಆ ಮನೆಯವರು ಆಗಲೇ ಮಾಡಿದ್ದರು. ಭಾಷೆ ಕಲಿಯಲು ಎಷ್ಟು ತಿಂಗಳು ಇಟ್ಟುಕೊಂಡಿದ್ದೀರಿ ಎಂದು ಕೇಳಿದೆನು. ಆ ಲೆಕ್ಕ ಬರೆದಿರಲಿಲ್ಲ. ಅವಳು ಲೇಖನಿಯನ್ನು ಕೇಳಿ ಪಡೆದು, ಚೀಟಿಯ ಕೆಳಗೆ ಅದನ್ನೂ ಬರೆದುಕೊಂಡಳು.